ಜೇನುಗೂಡು ಬರಿದಾಗುವುದೇಕೆ? ಗಣಿತದ ಉತ್ತರ

2006ರ ಕೊನೆಯಲ್ಲಿ ಅಮೆರಿಕದ ಅನೇಕ ಜೇನು ಸಾಕಣೆದಾರರು ಪೆಟ್ಟಿಗೆ ತೆರೆದಾಗ ರಾಣಿಯಿತ್ತು, ಮರಿಗಳಿದ್ದವು, ತುಪ್ಪವೂ ಇತ್ತು. ಕೆಲಸಗಾರ ನೊಣಗಳು ಮಾತ್ರ ಕಣ್ಮರೆಯಾಗಿದ್ದವು. ಇಂತಹ ಕುಸಿತ ಹೇಗೆ ಸಂಭವಿಸಬಹುದೆಂಬುದನ್ನು ಆಸ್ಟ್ರೇಲಿಯಾದ ಸಿಡ್ನಿಯ ಡೇವಿಡ್ ಖೌರಿ ಮತ್ತು ಸಂಗಡಿಗರು 2011ರಲ್ಲಿ ಗಣಿತದ ಮಾದರಿಯೊಂದರ ಮೂಲಕ ವಿವರಿಸಿದರು.

ಈ ಮಾದರಿ ಕೆಲಸಗಾರ ನೊಣಗಳನ್ನು ಎರಡು ಗುಂಪುಗಳಾಗಿ ವಿಂಗಡಿಸುತ್ತದೆ. ಗೂಡಿನೊಳಗೆ ಮರಿಗಳನ್ನು ಸಲಹುವ ಕಿರಿಯ ನೊಣಗಳದು ಒಂದು ಗುಂಪು. ಹೊರಗಿನಿಂದ ಮಕರಂದ, ಪರಾಗ ತರುವ ಹಿರಿಯ ನೊಣಗಳದು ಇನ್ನೊಂದು. ರಾಣಿ ದಿನಕ್ಕೆ 2000 ಮೊಟ್ಟೆಗಳನ್ನು ಇಡುತ್ತದೆಂದು ಲೆಕ್ಕ. ಆದರೆ ಅವುಗಳಲ್ಲಿ ಎಷ್ಟು ಬೆಳೆದು ನೊಣಗಳಾಗುತ್ತವೆ ಎಂಬುದು ಕುಟುಂಬದಲ್ಲಿರುವ ನೊಣಗಳ ಸಂಖ್ಯೆಯನ್ನು ಅವಲಂಬಿಸಿದೆ.

ಹಿರಿಯ ನೊಣಗಳು ಸಾಕಷ್ಟಿದ್ದರೆ ಕಿರಿಯವು ಗೂಡಿನಲ್ಲೇ ಉಳಿಯುತ್ತವೆ. ಹಿರಿಯವು ಹೆಚ್ಚಾಗಿ ಸತ್ತರೆ, ಆ ಕೊರತೆ ತುಂಬಲು ಕಿರಿಯವು ಅವಧಿಗೆ ಮುನ್ನವೇ ಹೊರಬೀಳುತ್ತವೆ. ಆಗ ಮರಿಗಳನ್ನು ಸಲಹುವವರಿಲ್ಲದೆ ಹೊಸ ಪೀಳಿಗೆಯೂ ಕ್ಷೀಣಿಸುತ್ತದೆ.

ಸಂಶೋಧಕರು ಆರಿಸಿಕೊಂಡ ಅಂಕಿಗಳ ಪ್ರಕಾರ, ಹಿರಿಯ ನೊಣಗಳ ಸಾವಿನ ದರ ದಿನಕ್ಕೆ 0.355 ತಲುಪುವುದೇ ಅಪಾಯದ ಗಡಿ. ಅಂದರೆ ಹೊರಗೆ ಹಾರತೊಡಗಿದ ನೊಣ ಸರಾಸರಿ ಮೂರು ದಿನವೂ ಬದುಕದ ಸ್ಥಿತಿ. ದರ ಇದಕ್ಕಿಂತ ಕಡಿಮೆಯಿದ್ದರೆ ಕುಟುಂಬದ ಸಂಖ್ಯೆ ಒಂದು ಹಂತದಲ್ಲಿ ಸ್ಥಿರಗೊಳ್ಳುತ್ತದೆ. ಗಡಿ ಮೀರಿದರೆ, ರಾಣಿ ಮೊಟ್ಟೆಯಿಡುತ್ತಲೇ ಇದ್ದರೂ ಕುಟುಂಬ ಅಳಿವಿನತ್ತ ಸಾಗುತ್ತದೆ.

ನೊಣಗಳು ಸಾಯುವುದು ರೋಗದಿಂದಲೋ ಕೀಟನಾಶಕದಿಂದಲೋ ಎಂಬುದನ್ನು ಈ ಮಾದರಿ ಹೇಳುವುದಿಲ್ಲ. ಗೂಡಿನಲ್ಲಿ ಕಾಣುವ ಆಹಾರ ಸಂಗ್ರಹವನ್ನು ಇದೇ ತಂಡ 2013ರಲ್ಲಷ್ಟೇ ಲೆಕ್ಕಕ್ಕೆ ಸೇರಿಸಿತು. ಆದರೂ ಸಾಕಣೆದಾರರಿಗೆ ಇದರಲ್ಲೊಂದು ಎಚ್ಚರಿಕೆಯಿದೆ: ರಾಣಿ ಮತ್ತು ಮೊಟ್ಟೆಗಳು ಕಂಡಮಾತ್ರಕ್ಕೆ ಕುಟುಂಬ ಸುರಕ್ಷಿತವಲ್ಲ, ಹೊರಹೋದ ನೊಣಗಳು ಮರಳುತ್ತಿವೆಯೇ ಎಂಬುದೇ ಮುಖ್ಯ.