ಕಳವಿನ ಹೆಜ್ಜೆಯೂ ಊರಿನ ಎಲ್ಲೆಯೂ

ಅಪರಾಧವೊಂದು ನಡೆದಾಗ ನ್ಯಾಯಸ್ಥಾನವು ವಿಚಾರಿಸತಕ್ಕ ಅಂಶಗಳು ಮುಖ್ಯವಾಗಿ ಮೂರು: ಅದು ನಡೆದ ಸ್ಥಳ ಯಾವುದು, ಮಾಡಿದವನು ಯಾರು, ನಷ್ಟಪಟ್ಟವನಿಗೆ ಅದನ್ನು ತುಂಬಿಕೊಡತಕ್ಕವರು ಯಾರು. ಇವುಗಳಲ್ಲಿ ಮೊದಲನೆಯದು ನಿರ್ಣಯವಾದಲ್ಲದೆ ಉಳಿದೆರಡು ನಿರ್ಣಯವಾಗುವುದು ಕಷ್ಟ. ಸರಕು, ಹಣ, ಮಾತು, ಮನುಷ್ಯರು ಈ ನಾಲ್ಕೂ ರಾಷ್ಟ್ರಗಳ ಎಲ್ಲೆಯನ್ನು ಸುಲಭವಾಗಿ ದಾಟುವಂತಾದ ಸ್ಥಿತಿಗೆ ಈಗ ಜಾಗತೀಕರಣವೆಂದು ಹೆಸರು. ಈ ಸ್ಥಿತಿಯಲ್ಲಿ ಸ್ಥಳನಿರ್ಣಯವೆಂಬ ತಳಹದಿಯೇ ಸಡಿಲವಾಗಿರುವುದು. ಇದರಿಂದ ಅಪರಾಧದ ಸ್ವರೂಪಕ್ಕೂ ದಂಡನೀತಿಗೂ ಒದಗಿರುವ ಮಾರ್ಪಾಡನ್ನು ದಾವಣಗೆರೆ, ಹರಿಹರಗಳ ನಿದರ್ಶನದಿಂದ ವಿಶದಪಡಿಸುವುದು ಪ್ರಕೃತ ಲೇಖನದ ಉದ್ದೇಶ.

ಹರಿಹರವು ತುಂಗಭದ್ರೆಯ ಬಲದಂಡೆಯ ಮೇಲಿರುವ ಪ್ರಾಚೀನ ಕ್ಷೇತ್ರ. ಅದರ ನೆರೆಯ ದಾವಣಗೆರೆ, ಹತ್ತಿಯ ವ್ಯಾಪಾರದಿಂದಲೂ ಗಿರಣಿಗಳಿಂದಲೂ ಬೆಳೆದ ವರ್ತಕರ ಪಟ್ಟಣ. ಭಾರತವು ಸ್ವತಂತ್ರವಾಗುವುದಕ್ಕೆ ಮುಂಚೆ ಈ ನದಿಯೇ ಎರಡು ಆಡಳಿತಗಳ ಗಡಿಯಾಗಿದ್ದಿತು. ಈಚೆಯ ದಡವು ಮೈಸೂರು ಸಂಸ್ಥಾನಕ್ಕೆ ಸೇರಿದ್ದರೆ, ಆಚೆಯ ರಾಣೆಬೆನ್ನೂರು ತಾಲ್ಲೂಕು ಬ್ರಿಟಿಷರ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದಿತು. 1868ರಲ್ಲಿ ಹರಿಹರದ ಸೇತುವೆ ಪೂರ್ಣವಾದ ಮೇಲೆ ವರ್ತಕನ ಗಾಡಿಗೆ ಹೊಳೆ ದಾಟುವುದು ಎಷ್ಟು ಸುಲಭವಾಯಿತೋ ಕಳ್ಳನಿಗೂ ಅಷ್ಟೇ ಸುಲಭವಾಯಿತು. ಆದರೆ ಅವನ ಬೆನ್ನಟ್ಟಿದ ಸಂಸ್ಥಾನದ ಪೊಲೀಸಿನವರ ಅಧಿಕಾರ ನೀರಿನ ಅಂಚಿನಲ್ಲಿಯೇ ಮುಗಿಯುತ್ತಿದ್ದಿತು. 1903ರ ಭಾರತೀಯ ಅಪರಾಧಿ ಹಸ್ತಾಂತರ ಶಾಸನದ 7ನೆಯ ಪ್ರಕರಣದಂತೆ, ಸಂಸ್ಥಾನದಲ್ಲಿದ್ದ ಬ್ರಿಟಿಷ್ ಪ್ರತಿನಿಧಿಯು ಆಚೆಯ ಜಿಲ್ಲಾ ಮ್ಯಾಜಿಸ್ಟ್ರೇಟರ ಹೆಸರಿಗೆ ವಾರಂಟು ಬರೆದುಕೊಟ್ಟರೆ ಓಡಿಹೋದವನನ್ನು ಹಿಡಿದೊಪ್ಪಿಸುವ ವಿಧಿಯಿದ್ದಿತು. ಕಳ್ಳನು ಸೇತುವೆಯನ್ನು ದಾಟುವುದಕ್ಕೆ ಬೇಕಾದುದು ಗಳಿಗೆ. ಕಾಗದವು ದಾಟುವುದಕ್ಕೆ ಬೇಕಾದುದು ದಿನಗಳು. 1956ರ ನವೆಂಬರ್ 1ರಂದು ಎರಡು ದಡಗಳೂ ಒಂದೇ ರಾಜ್ಯಕ್ಕೆ ಸೇರಿ ಈ ತೊಡಕು ನಿವಾರಣೆಯಾಯಿತು. ಅಂದು ಹೊಳೆಯ ಮೇಲಿದ್ದ ತೊಡಕೇ ಇಂದು ಕಡಲಾಚೆಗೆ ಸರಿದು, ನೂರ್ಮಡಿಯಾಗಿ ಮರಳಿ ಬಂದಿದೆ.

ಎಲ್ಲೆಯನ್ನು ದಾಟಿದ ಕಳವಿನ ವಿಷಯದಲ್ಲಿ ಪ್ರಾಚೀನರ ನಿರ್ಣಯವೇನೆಂಬುದು ಇಲ್ಲಿ ವಿಚಾರಾರ್ಹವಾಗಿದೆ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಸ್ತೇಯಪ್ರಕರಣವೆಂಬುದೊಂದಿದೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಅದನ್ನು ವಿಸ್ತಾರವಾಗಿ ವಿವರಿಸಿರುವನು. ಅದರ ಸಾರವಿಷ್ಟು: ಗ್ರಾಮದೊಳಗೆ ಕಳವಾಗಿ ಕಳ್ಳನ ಹೆಜ್ಜೆಯು ಹೊರಕ್ಕೆ ಹೋದುದು ಕಾಣದಿದ್ದರೆ ಗ್ರಾಮಾಧಿಪತಿಯೇ ಹೊಣೆ. ಹುಲ್ಲುಗಾವಲಿನಲ್ಲಿ ಕಳವಾದರೆ ಅದರ ಒಡೆಯನೂ, ದಾರಿಯಲ್ಲಾದರೆ ಕಳ್ಳರನ್ನು ಹಿಡಿಯುವುದಕ್ಕೆ ನಿಯಮಿತನಾದ ಅಧಿಕಾರಿಯೂ ಹೊಣೆ. ಹೆಜ್ಜೆಯು ಬೇರೊಂದು ಗ್ರಾಮವನ್ನು ಹೊಕ್ಕಿದ್ದರೆ ಆ ಗ್ರಾಮವು ಕೊಡತಕ್ಕದ್ದು. ಊರುಗಳಿಂದ ಕ್ರೋಶಕ್ಕೂ ಆಚೆ ನಡೆದ ಕಳವಿಗೆ ಸುತ್ತಣ ಐದು ಗ್ರಾಮಗಳು, ಅಥವಾ ಹತ್ತು ಗ್ರಾಮಗಳು ಕೂಡಿ ತುಂಬಿಕೊಡತಕ್ಕದ್ದು. ಇವರಾರಿಂದಲೂ ಸಾಧ್ಯವಾಗದಿದ್ದಲ್ಲಿ ರಾಜನು ತನ್ನ ಭಂಡಾರದಿಂದ ಕೊಡಬೇಕು. ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಕಳ್ಳನು ಸಿಕ್ಕಲಿಲ್ಲವೆಂಬ ಕಾರಣದಿಂದ ನಷ್ಟವು ಕಳೆದುಕೊಂಡವನ ತಲೆಯ ಮೇಲೆಯೇ ನಿಲ್ಲಬೇಕೆಂದು ಶಾಸ್ತ್ರವು ಒಪ್ಪಲಿಲ್ಲ. ಹೆಜ್ಜೆಯು ಯಾರ ನೆಲವನ್ನು ಹಾಯ್ದುಹೋಯಿತೋ ಅವರು ಉತ್ತರವಾದಿಗಳು.

ಹೆಜ್ಜೆ ಕಾಣುವ ಕಳವಿಗೂ ಕಾಣದ ಕಳವಿಗೂ ಇರುವ ಅಂತರವು ದಾವಣಗೆರೆ ಜಿಲ್ಲೆಯ ಈಚಿನ ಒಂದು ಪ್ರಕರಣದಿಂದ ಸ್ಫುಟವಾಗುತ್ತದೆ. 2024ರ ಅಕ್ಟೋಬರ್ ತಿಂಗಳ ಕೊನೆಯಲ್ಲಿ ನ್ಯಾಮತಿಯ ಸ್ಟೇಟ್ ಬ್ಯಾಂಕ್ ಶಾಖೆಯಿಂದ, ಸಾಲಕ್ಕೆ ಒತ್ತೆಯಿಟ್ಟಿದ್ದ ಸುಮಾರು 17 ಕಿಲೋಗ್ರಾಂಗೂ ಮಿಕ್ಕ ಚಿನ್ನ ಕಳವಾಯಿತು. 2025ರ ಮಾರ್ಚ್ ತಿಂಗಳಲ್ಲಿ ಪೊಲೀಸರು ಆರೋಪಿಗಳನ್ನು ಹಿಡಿದು, ತಮಿಳುನಾಡಿನ ಮಧುರೆಯ ಸೀಮೆಯ ಉಸಿಲಂಪಟ್ಟಿಯ ಬಾವಿಯೊಂದರಿಂದ ಚಿನ್ನವನ್ನು ಹೊರತೆಗೆದರು. ಆರೋಪಿಗಳಲ್ಲಿ ಪ್ರಮುಖನಾದವನು ಸ್ಪೇನ್ ದೇಶದ ಧಾರಾವಾಹಿಯೊಂದನ್ನೂ ಯೂಟ್ಯೂಬಿನ ಚಿತ್ರಗಳನ್ನೂ ತಿಂಗಳುಗಟ್ಟಲೆ ನೋಡಿ ಉಪಾಯವನ್ನು ಕಲಿತನೆಂದು ಪೊಲೀಸರು ಪ್ರಕಟಿಸಿದರು. ಇಲ್ಲಿ ವಿದ್ಯೆಯು ಸಮುದ್ರದಾಚೆಯದು. ಆದರೆ ಮನುಷ್ಯರೂ ಸಲಕರಣೆಯೂ ಕದ್ದ ವಸ್ತುವೂ ನೆಲದ ಮೇಲೆಯೇ ಚಲಿಸಿದುವು. ಚಿನ್ನಕ್ಕೆ ಭಾರವುಂಟು, ಅದನ್ನು ಎಲ್ಲಿಯಾದರೂ ಇಡಲೇಬೇಕು. ಆದುದರಿಂದ ಹೆಜ್ಜೆಯನ್ನನುಸರಿಸಿ ಹೋದವರಿಗೆ ಅದು ದೊರೆಯಿತು.

ತಂತಿಯ ಮೂಲಕ ನಡೆಯುವ ವಂಚನೆಯ ರೀತಿ ಬೇರೆ. ಆ ಅಕ್ಟೋಬರ್ ತಿಂಗಳ 27ರಂದೇ ಪ್ರಧಾನಮಂತ್ರಿಯವರು ತಮ್ಮ ಆಕಾಶವಾಣಿ ಭಾಷಣದಲ್ಲಿ ‘ಡಿಜಿಟಲ್ ಅರೆಸ್ಟ್’ ಎಂಬ ವಂಚನೆಯ ವಿಷಯವಾಗಿ ದೇಶಕ್ಕೆ ಎಚ್ಚರಿಕೆ ಕೊಟ್ಟರು. ಪೊಲೀಸ್ ಅಥವಾ ಸಿ.ಬಿ.ಐ. ಅಧಿಕಾರಿಯ ವೇಷದಿಂದ ಒಬ್ಬನು ದೂರವಾಣಿಯ ತೆರೆಯ ಮೇಲೆ ಕಾಣಿಸಿಕೊಂಡು, ಇಲ್ಲದ ಅಪರಾಧವನ್ನು ಆರೋಪಿಸಿ, ಮನೆಯಲ್ಲಿಯೇ ಬಂಧಿಸಿರುವುದಾಗಿ ಹೆದರಿಸಿ ಹಣವನ್ನು ಕಿತ್ತುಕೊಳ್ಳುವುದು ಇದರ ಕ್ರಮ. ಇಂತಹ ಬಂಧನವು ಭಾರತದ ಯಾವ ಶಾಸನದಲ್ಲಿಯೂ ಇಲ್ಲ. ದಾವಣಗೆರೆಯ ವೃದ್ಧರೊಬ್ಬರು ಹೀಗೆ ವಂಚಿತರಾದರೆಂದು ಭಾವಿಸೋಣ. ಅವರ ಹಣ ಮೊದಲು ಬೇರೆ ರಾಜ್ಯದ ಒಂದು ಖಾತೆಯನ್ನು ಸೇರಿ, ನಿಮಿಷಗಳೊಳಗಾಗಿ ಹತ್ತಾರು ಖಾತೆಗಳಿಗೆ ಹಂಚಿಹೋಗುತ್ತದೆ. ಸ್ವಲ್ಪ ಭಾಗ ನಗದಾಗುತ್ತದೆ. ಉಳಿದುದು ಕ್ರಿಪ್ಟೋ ನಾಣ್ಯವಾಗಿ ದೇಶವನ್ನು ಬಿಡುತ್ತದೆ. ಪೊಲೀಸರ ಕೈಗೆ ಸಿಕ್ಕುವವನು ಸಾಮಾನ್ಯವಾಗಿ ಅಲ್ಪ ಹಣದ ಆಸೆಗೆ ತನ್ನ ಖಾತೆಯನ್ನು ಬಾಡಿಗೆಗೆ ಕೊಟ್ಟವನು. ಕಾಲಾಳು ಸೆರೆಯಾಗುತ್ತಾನೆ; ದಳವಾಯಿ ಉಳಿದುಕೊಳ್ಳುತ್ತಾನೆ.

ಕರೆ ಮಾಡಿದವನೂ ಕೆಲವೊಮ್ಮೆ ಸ್ವತಂತ್ರನಲ್ಲ. ಉದ್ಯೋಗದ ಆಸೆಯಿಂದ ಮ್ಯಾನ್ಮಾರ್, ಕಾಂಬೋಡಿಯ ಮೊದಲಾದ ದೇಶಗಳಿಗೆ ಹೋದ ಅನೇಕ ಯುವಕರನ್ನು ಆವರಣಗಳಲ್ಲಿ ಕೂಡಿಹಾಕಿ, ಹೊಡೆದು, ವಂಚನೆಯ ಕೆಲಸಕ್ಕೆ ಹಚ್ಚಿದ ಸಂಗತಿ ಪ್ರಕಟವಾಗಿದೆ. 2025ರ ಮಾರ್ಚ್ ತಿಂಗಳಲ್ಲಿ ಮ್ಯಾನ್ಮಾರಿನ ಗಡಿಸೀಮೆಯಿಂದ ಬಿಡುಗಡೆಯಾದ 500ಕ್ಕೂ ಹೆಚ್ಚು ಭಾರತೀಯರನ್ನು ವಾಯುಸೇನೆಯ ವಿಮಾನಗಳಲ್ಲಿ ಕರೆತರಲಾಯಿತು. ಒಬ್ಬನೇ ಮನುಷ್ಯನು ವಂಚಕನೂ ವಂಚಿತನೂ ಆಗಿರುವ ಈ ಸ್ಥಿತಿಯಲ್ಲಿ ದಂಡವನ್ನು ಯಾರ ಮೇಲೆ ಎಷ್ಟು ವಿಧಿಸಬೇಕೆಂಬುದು ನ್ಯಾಯಾಧೀಶರಿಗೆ ಸುಲಭದ ಪ್ರಶ್ನೆಯಲ್ಲ.

ಶಾಸನವು ಈ ವಿಷಯದಲ್ಲಿ ಮೌನವಾಗಿದೆಯೆಂದು ತಿಳಿಯಬಾರದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 202ನೆಯ ಪ್ರಕರಣದಂತೆ, ದೂರಸಂಪರ್ಕದ ಮೂಲಕ ನಡೆದ ವಂಚನೆಯನ್ನು ಸಂದೇಶವು ಹೊರಟ ಸ್ಥಳದಲ್ಲಾಗಲಿ ಮುಟ್ಟಿದ ಸ್ಥಳದಲ್ಲಾಗಲಿ ವಿಚಾರಣೆ ಮಾಡಬಹುದು. ಎಂದರೆ, ದಾವಣಗೆರೆಯ ನ್ಯಾಯಾಲಯಕ್ಕೆ ಅಧಿಕಾರವುಂಟು. ಹಿಂದಿನ 2000ದ ಮಾಹಿತಿ ತಂತ್ರಜ್ಞಾನ ಶಾಸನದ 75ನೆಯ ಪ್ರಕರಣವು, ಭಾರತದಲ್ಲಿರುವ ಗಣಕಯಂತ್ರಕ್ಕೆ ಸಂಬಂಧಿಸಿದ ಅಪರಾಧವನ್ನು ಹೊರಗಿನಿಂದ ಮಾಡಿದವನಿಗೂ ಅನ್ವಯಿಸುತ್ತದೆ. ಆದರೆ ಅಧಿಕಾರವಿರುವುದು ಬೇರೆ, ಕೈಗೆ ಎಟುಕುವುದು ಬೇರೆ. ಪರದೇಶದಲ್ಲಿರುವ ಸಾಕ್ಷ್ಯ ಬೇಕಾದರೆ 112ನೆಯ ಪ್ರಕರಣದಂತೆ ಇಲ್ಲಿಯ ನ್ಯಾಯಾಲಯವು ಅಲ್ಲಿಗೆ ವಿನಂತಿಪತ್ರವನ್ನು ಬರೆಯಬೇಕು; ಮನುಷ್ಯನೇ ಬೇಕಾದರೆ 1962ರ ಹಸ್ತಾಂತರ ಶಾಸನವನ್ನು ಆಶ್ರಯಿಸಬೇಕು. ವಿಶ್ವಸಂಸ್ಥೆಯ ಮಹಾಸಭೆಯು 2024ರ ಡಿಸೆಂಬರ್ 24ರಂದು ಸೈಬರ್ ಅಪರಾಧಗಳ ವಿಷಯವಾಗಿ ಒಂದು ಒಡಂಬಡಿಕೆಯನ್ನು ಅಂಗೀಕರಿಸಿತು. 40 ರಾಷ್ಟ್ರಗಳು ಅದನ್ನು ಸ್ಥಿರೀಕರಿಸಿದಲ್ಲದೆ ಅದು ಜಾರಿಗೆ ಬಾರದೆಂಬುದು ಅದರ ನಿಯಮ. ಹಣವು ನಿಮಿಷದಲ್ಲಿ ಹೋಗುವುದು, ಪತ್ರವು ತಿಂಗಳುಗಳಲ್ಲಿ ಹೋಗುವುದು: ಹರಿಹರದ ಸೇತುವೆಯ ಹಳೆಯ ಕಥೆಯೇ ಇದು.

ಹೀಗಿರಲು, ಮೂರನೆಯ ಪ್ರಶ್ನೆಯೇ ಪ್ರಧಾನವಾಗುತ್ತದೆ. ನಷ್ಟವು ಯಾರದು? ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ, ಗ್ರಾಹಕನ ಅನುಮತಿಯಿಲ್ಲದೆ ಮೂರನೆಯವರ ಕೃತ್ಯದಿಂದ ಹಣ ಹೋದಾಗ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಅವನಿಗೆ ಹೊಣೆಯಿಲ್ಲವೆಂದು ವಿಧಿಸಿತು. ಆದರೆ ಹೆದರಿ ತನ್ನ ಕೈಯಿಂದಲೇ ಕಳುಹಿಸಿದವನಿಗೆ ಆ ಆಶ್ರಯ ದೊರೆಯುವುದು ಕಷ್ಟ. ಬ್ರಿಟನ್ ದೇಶದಲ್ಲಾದರೋ, 2024ರ ಅಕ್ಟೋಬರ್ 7ರಿಂದ ಇಂತಹ ವಂಚಿತನಿಗೂ 85,000 ಪೌಂಡಿನವರೆಗೆ ಹಿಂದಿರುಗಿಸಬೇಕೆಂದೂ, ಆ ಭಾರವನ್ನು ಹಣ ಕಳುಹಿಸಿದ ಬ್ಯಾಂಕೂ ಪಡೆದ ಬ್ಯಾಂಕೂ ಸಮನಾಗಿ ಹೊರಬೇಕೆಂದೂ ನಿಯಮವಾಯಿತು. ಹೆಜ್ಜೆ ಹೊಕ್ಕ ಗ್ರಾಮವು ಕೊಡಲಿ ಎಂಬ ಯಾಜ್ಞವಲ್ಕ್ಯನ ವಿಧಿಗೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಭಾರತದ ವರ್ತಕರ ಶಾಹಜೋಗ ಹುಂಡಿಯಲ್ಲಿಯೂ ಇದೇ ತತ್ತ್ವವಿದ್ದಿತು. ಪ್ರತಿಷ್ಠಿತ ಸಾಹುಕಾರನ ಮೂಲಕವೇ ಅದರ ಹಣ ಸಲ್ಲಬೇಕಾಗಿದ್ದು, ಹುಂಡಿಯು ಕಳವಿನದೋ ಖೋಟಾ ಎಂದೋ ತಿಳಿದುಬಂದರೆ ಹಣ ಪಡೆದ ಆ ಸಾಹುಕಾರನೇ ಅದನ್ನು ಹಿಂದಿರುಗಿಸಬೇಕಾಗಿದ್ದಿತು.

ಹೀಗಾದರೆ ಜನರು ಅಜಾಗರೂಕರಾಗುವರು, ಸುಳ್ಳು ದೂರುಗಳು ಹೆಚ್ಚುವುವು ಎಂದು ಆಕ್ಷೇಪಿಸಬಹುದು. ಇದಕ್ಕೆ ಸಮಾಧಾನವು ಎರಡು ಕಡೆಗಳಲ್ಲಿಯೂ ಇದೆ. ಬ್ರಿಟನ್ನಿನ ನಿಯಮವು ತೀವ್ರ ಅಜಾಗ್ರತೆ ತೋರಿದವನನ್ನು ಹೊರತುಪಡಿಸುತ್ತದೆ. ಮಿತಾಕ್ಷರೆಯಾದರೋ, ಕಳವೇ ಸಂಶಯಾಸ್ಪದವಾದಲ್ಲಿ ಕಳೆದುಕೊಂಡೆನೆನ್ನುವವನಿಂದ ಶಪಥ ಮಾಡಿಸಬೇಕು, ಅಥವಾ ಅವನ ಬಂಧುಗಳ ಮೂಲಕ ಸಾಧಿಸಬೇಕು ಎಂಬ ಸ್ಮೃತಿವಚನವನ್ನು ಎತ್ತಿಕೊಳ್ಳುತ್ತದೆ. ಪರೀಕ್ಷೆಯು ಅವಶ್ಯಕ, ಪರೀಕ್ಷೆಗೆ ಅಂಜಿ ಪರಿಹಾರವನ್ನೇ ನಿರಾಕರಿಸುವುದು ಯುಕ್ತವಲ್ಲ. ಮೇಲಾಗಿ, ಕೊಡಬೇಕಾದೀತೆಂಬ ಭಯವಿದ್ದಾಗಲೇ ಗ್ರಾಮವು ತನ್ನ ಎಲ್ಲೆಯನ್ನು ಕಾಯುತ್ತಿದ್ದಿತು. ಬಾಡಿಗೆಯ ಖಾತೆಗಳನ್ನು ತೆರೆಯಗೊಟ್ಟ ಬ್ಯಾಂಕಿಗೂ ಈ ಮಾತು ಸಲ್ಲುತ್ತದೆ.

ಅದುವರೆಗೆ ವಂಚಿತನಾದವನ ಬಲವೆಲ್ಲವೂ ಕಾಲದಲ್ಲಿದೆ. 1930 ಎಂಬ ಸಂಖ್ಯೆಗೆ ಒಡನೆಯೇ ಕರೆಮಾಡಿ ತಿಳಿಸಿದರೆ, ಹಣವು ಇನ್ನೂ ಯಾವುದಾದರೊಂದು ಖಾತೆಯಲ್ಲಿ ನಿಂತಿರುವಷ್ಟರಲ್ಲಿ ಅದನ್ನು ತಡೆಯುವ ಅವಕಾಶವುಂಟು. ಅದಾದ ಮೇಲೆ ಜಿಲ್ಲೆಯ ಸಿ.ಇ.ಎನ್. ಪೊಲೀಸ್ ಠಾಣೆಯಲ್ಲಿ ದೂರು ದಾಖಲಾಗಬೇಕು. ನಾಚಿಕೆಯಿಂದ ಎರಡು ದಿನ ಸುಮ್ಮನಿದ್ದವರು ಹೆಜ್ಜೆಯನ್ನು ತಾವೇ ಅಳಿಸಿದಂತಾಗುವುದು. ಕಳ್ಳನ ನಾಡು ಎಷ್ಟೇ ದೂರವಿರಲಿ, ಕದ್ದ ಹಣವು ಹೊರಡುವ ಮೊದಲ ಗಾವುದವನ್ನು ಈ ನೆಲದ ಮೇಲೆಯೇ ನಡೆಯುತ್ತದೆ. ನ್ಯಾಯದ ಕಾವಲು ಮುಖ್ಯವಾಗಿ ಅಲ್ಲಿ ನಿಲ್ಲಬೇಕಾಗಿದೆ.