ನಗು ಕಳ್ಳನ ಪಾಲಿಗಿರಲಿ

2003ರ ಫೆಬ್ರುವರಿಯಲ್ಲಿ ಬೆಲ್ಜಿಯಂನ ಆಂಟ್ವರ್ಪ್ ವಜ್ರ ಕೇಂದ್ರದ ನೆಲಮಾಳಿಗೆಗೆ ನುಗ್ಗಿದ ಇಟಲಿಯ ತಂಡವೊಂದು ಹತ್ತು ಕೋಟಿ ಡಾಲರ್‌ ಬೆಲೆಯದೆಂದು ಅಂದಾಜಿಸಲಾದ ಮಾಲು ದೋಚಿತು. ಮುಖ್ಯಸ್ಥ ಲಿಯೊನಾರ್ಡೊ ನೊಟಾರ್ಬಾರ್ಟೊಲೊ ವಜ್ರದ ವ್ಯಾಪಾರಿಯ ಸೋಗಿನಲ್ಲಿ ಅದೇ ಕಟ್ಟಡದಲ್ಲಿ ಎರಡು ವರ್ಷಕ್ಕೂ ಮಿಕ್ಕಿ ಬಾಡಿಗೆಗಿದ್ದ. ಶಾಖ ಮತ್ತು ಚಲನೆ ಪತ್ತೆಹಚ್ಚುವ ಸಾಧನವನ್ನು ಕುರುಡಾಗಿಸಲು ಬಳಸಿದ್ದು ಕೂದಲಿನ ಸ್ಪ್ರೇ. ಇಷ್ಟು ಜಾಣರು ಸಿಕ್ಕಿಬಿದ್ದದ್ದು ಕಸದಿಂದ. ಹೆದ್ದಾರಿ ಬದಿಯ ಕಾಡಿನಲ್ಲಿ ಎಸೆದ ಚೀಲಗಳಲ್ಲಿ ವಜ್ರ ಕೇಂದ್ರದ ಕಾಗದಪತ್ರಗಳ ಜೊತೆ ಅರ್ಧ ತಿಂದ ಸ್ಯಾಂಡ್‌ವಿಚ್ಚೂ ಇತ್ತು. ಕಸ ಕಂಡು ರೇಗಿದ ಜಮೀನಿನ ಮಾಲೀಕ ಪೊಲೀಸರಿಗೆ ಫೋನಾಯಿಸಿದ. ಇದನ್ನು ಕೇಳಿ ಯಾರಾದರೂ ನಗುತ್ತಾರೆ. ಆದರೆ ವಜ್ರ ಕಳೆದುಕೊಂಡವರನ್ನು ದಡ್ಡರೆಂದು ಯಾರೂ ಹಂಗಿಸುವುದಿಲ್ಲ.

ಹಣದ ವಂಚನೆಯಲ್ಲಿ ಮಾತ್ರ ಈ ನಗು ಮೋಸಹೋದವರ ಕಡೆಗೆ ತಿರುಗುತ್ತದೆ. 1920ರಲ್ಲಿ ಬಾಸ್ಟನ್ನಿನ ಚಾರ್ಲ್ಸ್ ಪಾಂಜಿ ಹೊರದೇಶಗಳಲ್ಲಿ ಅಗ್ಗಕ್ಕೆ ಸಿಗುವ ಅಂಚೆ ಕೂಪನ್‌ಗಳನ್ನು ಅಮೆರಿಕದಲ್ಲಿ ಲಾಭಕ್ಕೆ ಬದಲಾಯಿಸುವುದಾಗಿ ಹೇಳಿ, 45 ದಿನಕ್ಕೆ ಶೇ 50ರಷ್ಟು ಲಾಭದ ಆಸೆ ಹುಟ್ಟಿಸಿದ. ಅನುಮಾನ ಬಂದು ಹಣ ವಾಪಸ್ ಕೇಳಲು ಸಾಲುಗಟ್ಟಿದವರಿಗೆ ಕಾಫಿ, ಡೋನಟ್ ಹಂಚಿದ; ಎಷ್ಟೋ ಜನ ಮನಸ್ಸು ಬದಲಿಸಿ ಹಿಂತಿರುಗಿದರು. ಆ ಅನುಮಾನಕ್ಕೆ ಕಾರಣವಾದದ್ದು ಪತ್ರಕರ್ತ ಕ್ಲಾರೆನ್ಸ್ ಬ್ಯಾರನ್ ಹಾಕಿದ ಸರಳ ಲೆಕ್ಕ: ಪಾಂಜಿಯ ವ್ಯವಹಾರ ನಡೆಯಲು 16 ಕೋಟಿ ಕೂಪನ್ ಬೇಕು, ಚಲಾವಣೆಯಲ್ಲಿದ್ದದ್ದು ಸುಮಾರು 27,000. ಹಳಬರಿಗೆ ಕೊಡುತ್ತಿದ್ದದ್ದು ಹೊಸಬರ ದುಡ್ಡನ್ನೇ.

ದುರಾಸೆ ಪಟ್ಟವರು ಅನುಭವಿಸಲಿ ಎಂಬ ವಾದವಿದೆ. ದುಪ್ಪಟ್ಟಿನ ಆಸೆಗೆ ಬಿದ್ದವರ ತಪ್ಪು ಇಲ್ಲವೆನ್ನಲಾಗದು. ಆದರೆ ಇಂಥದೇ ವಂಚನೆ ನಡೆಸಿ 2008ರಲ್ಲಿ ಸಿಕ್ಕಿಬಿದ್ದ ಅಮೆರಿಕದ ಬರ್ನಾರ್ಡ್ ಮೇಡಾಫ್ ತೋರಿಸಿದ್ದು ಅತಿಯಾದ ಲಾಭವನ್ನಲ್ಲ, ವರ್ಷವರ್ಷವೂ ಒಂದೇ ಸಮನಾದ ಲಾಭವನ್ನು. ಅವನಿಗೆ ಹಣ ಕೊಟ್ಟವರಲ್ಲಿ ಬ್ಯಾಂಕುಗಳಿದ್ದವು, ದತ್ತಿ ಸಂಸ್ಥೆಗಳಿದ್ದವು. ಹಣಕಾಸು ವಿಶ್ಲೇಷಕ ಹ್ಯಾರಿ ಮಾರ್ಕೊಪೊಲಸ್ 2000ದಿಂದಲೇ ಎಚ್ಚರಿಸಿದರೂ ಅಮೆರಿಕದ ಷೇರು ನಿಯಂತ್ರಣ ಆಯೋಗ ಕಿವಿಗೆ ಹಾಕಿಕೊಳ್ಳಲಿಲ್ಲ. ತಜ್ಞರ ಕಾವಲೇ ಸೋತ ಕಡೆ ಸಾಮಾನ್ಯರನ್ನಷ್ಟೇ ದೂರುವುದು ಅನ್ಯಾಯ. ಮೇಲಾಗಿ, ಹಂಗಿಸುವಿಕೆಗೆ ಹೆದರಿ ಮೋಸಹೋದವರು ಬಾಯಿ ಮುಚ್ಚಿಕೊಂಡಷ್ಟೂ ವಂಚಕನಿಗೆ ಹೊಸ ಗಿರಾಕಿಗಳು ಸಿಗುತ್ತಾರೆ. ಭಾರತ 2019ರಲ್ಲಿ ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸಿದೆ. ಆ ಕಾನೂನು ಕೆಲಸ ಮಾಡಬೇಕಾದರೆ ಯಾರಾದರೂ ಮೊದಲು ದೂರು ಕೊಡಬೇಕು. ಹಾಗೆ ಠಾಣೆಯ ಮೆಟ್ಟಿಲು ಹತ್ತಿದವರನ್ನು ಗೇಲಿ ಮಾಡದೆ ಕೇಳಿಸಿಕೊಳ್ಳುವುದು, ಲಾಭ ಎಲ್ಲಿಂದ ಬರುತ್ತದೆಂದು ಬ್ಯಾರನ್ನನಂತೆ ಬಹಿರಂಗವಾಗಿ ಲೆಕ್ಕ ಕೇಳುವುದು, ಇವೆರಡೂ ನಮ್ಮ ಕೈಯಲ್ಲೇ ಇವೆ.