ಬೆರಾತ್ ಕೋಟೆಯ ಚಿತ್ರಗಳು

ಅಲ್ಬೇನಿಯಾ ಅಂತ ಒಂದು ಸಣ್ಣ ದೇಶ ಇದೆ. ಯುರೋಪ್ ಖಂಡದಲ್ಲಿ, ಗ್ರೀಸ್ ದೇಶದ ಪಕ್ಕದಲ್ಲಿ. ಅಲ್ಲಿ ಒಸುಮ್ ನದಿಯ ದಡದಲ್ಲಿ ಬೆರಾತ್ ಎಂಬ ಊರು. ಊರಿನ ಮೇಲೆ ಗುಡ್ಡ, ಗುಡ್ಡದ ಮೇಲೆ ಕೋಟೆ. ಕೋಟೆ ಅಂದರೆ ಬರೀ ಪಾಳುಗೋಡೆ ಅಂತ ತಿಳಿಯಬೇಡಿ. ಅದರೊಳಗೆ ಇವತ್ತಿಗೂ ಜನ ಸಂಸಾರ ಮಾಡಿಕೊಂಡಿದ್ದಾರೆ.

ಈ ಕೋಟೆಯೊಳಗೆ ಮೇರಿ ಮಾತೆಯ ಹೆಸರಿನ ಚರ್ಚು ಇದೆ. ಹಳೆಯ ಚರ್ಚಿನ ಬುನಾದಿಯ ಮೇಲೆ 1797ರಲ್ಲಿ ಕಟ್ಟಿದ್ದು. ಕ್ರೈಸ್ತರಲ್ಲಿ ಹಲವು ಪಂಥಗಳುಂಟಲ್ಲ, ಇದು ಆರ್ಥೊಡಾಕ್ಸ್ ಪಂಥದ್ದು. ಒಳಗೆ ಮರದ ಕೆತ್ತನೆಯ ದೊಡ್ಡ ಅಡ್ಡಗೋಡೆ. ಅದರ ತುಂಬ ಚಿತ್ರಗಳು. ಅದರ ಆಚೆಗೆ ಪಾದ್ರಿಗಳು ಪೂಜೆ ಮಾಡುವ ಜಾಗ. ಈಚೆಗೆ ಜನ ನಿಲ್ಲುತ್ತಾರೆ.

ಈ ಪಂಥದವರು ದೇವರ ಚಿತ್ರಕ್ಕೆ 'ಐಕನ್' ಎನ್ನುತ್ತಾರೆ. ಅದನ್ನು ಬರೆಯುವುದು ಸುಲಭದ ಕೆಲಸವಲ್ಲ. ಮೊದಲು ಮರದ ಹಲಗೆಯನ್ನು ನುಣುಪು ಮಾಡಬೇಕು. ಬಿಳಿ ಪುಡಿಯನ್ನು ಅಂಟಿನಲ್ಲಿ ಕಲಸಿ ಪದರ ಪದರವಾಗಿ ಬಳಿಯಬೇಕು. ಒಣಗಿದ ಮೇಲೆ ಉಜ್ಜಬೇಕು. ಆಮೇಲೆ ಚಿನ್ನದ ರೇಕು ಅಂಟಿಸಬೇಕು. ಬಣ್ಣದ ಪುಡಿಯನ್ನು ಕಲಸುವುದು ಯಾವುದರಲ್ಲಿ ಗೊತ್ತೇ? ಮೊಟ್ಟೆಯ ಹಳದಿ ಲೋಳೆಯಲ್ಲಿ! ಹಾಗೆ ಬರೆದ ಚಿತ್ರ ನಾನೂರು, ಐನೂರು ವರ್ಷ ಬಾಳುತ್ತದೆ.

ಚಿತ್ರದಲ್ಲಿ ಅಕ್ಷರವೂ ಇರುತ್ತದೆ. ಮೇರಿ ಮಾತೆಯ ತಲೆಯ ಎರಡು ಪಕ್ಕ ಎರಡೆರಡು ಗ್ರೀಕ್ ಅಕ್ಷರ. 'ದೇವರ ತಾಯಿ' ಎಂಬುದರ ಗಿಡ್ಡ ರೂಪ ಅದು. ಓದು ಬಾರದವರು ಮುಖ ನೋಡಿ ಗುರುತು ಹಿಡಿಯುತ್ತಿದ್ದರು. ಬಂದವರು ಹೆಸರನ್ನೂ ಓದುತ್ತಿದ್ದರು. ಅಕ್ಷರ ಕಲಿಯಲು ಕೂತ ನಮ್ಮ ನಿಮ್ಮಂಥವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಹದಿನಾರನೇ ಶತಮಾನದಲ್ಲಿ ಒನುಫ್ರಿ ಎಂಬ ಚಿತ್ರಕಾರನಿದ್ದ. ಅವನು ಬಳಸಿದ ಕೆಂಪು ಬಣ್ಣ ಬಹಳ ಹೆಸರುವಾಸಿ. ಆ ಕೆಂಪು ಅವನ ನಂತರ ಯಾರ ಕೈಗೂ ಬರಲಿಲ್ಲ ಅಂತ ಜನ ಹೇಳುತ್ತಾರೆ. ಅವನ ಮಗ ನಿಕೋಲನೂ ಚಿತ್ರಕಾರನೇ.

ಈಗ ಕಷ್ಟದ ಕಾಲದ ಮಾತು. 1967ರಲ್ಲಿ ಅಲ್ಬೇನಿಯಾ ಸರ್ಕಾರ ಧರ್ಮವನ್ನೇ ನಿಷೇಧಿಸಿತು. ಚರ್ಚು, ಮಸೀದಿ ಎಲ್ಲ ಮುಚ್ಚಿದವು. ಎಷ್ಟನ್ನೋ ಕೆಡವಿದರು. ಕೆಲವನ್ನು ಗೋದಾಮು ಮಾಡಿದರು. ಮನೆಯಲ್ಲಿ ಪ್ರಾರ್ಥನೆ ಮಾಡುವುದಕ್ಕೂ ಜನ ಹೆದರಬೇಕಾಯಿತು. ಆದರೆ ಬೆರಾತ್ ಊರನ್ನು 1961ರಲ್ಲೇ 'ವಸ್ತುಸಂಗ್ರಹಾಲಯದ ಊರು' ಎಂದು ಅದೇ ಸರ್ಕಾರ ಘೋಷಿಸಿತ್ತು! ಹಾಗಾಗಿ ಅಲ್ಲಿನ ಹಳೆಯ ಕಟ್ಟಡಗಳಿಗೆ ರಕ್ಷಣೆ ಇತ್ತು. 1986ರಲ್ಲಿ ಈ ಚರ್ಚಿನಲ್ಲೇ ಒನುಫ್ರಿ ಹೆಸರಿನ ವಸ್ತುಸಂಗ್ರಹಾಲಯ ತೆರೆಯಿತು. ಆಗಿನ್ನೂ ನಿಷೇಧ ಇತ್ತು ನೋಡಿ. ಕೈಮುಗಿಯುವ ಹಾಗಿಲ್ಲ, ಕಣ್ಣಿಂದ ನೋಡಬಹುದು. ಇದನ್ನು ವಿಚಿತ್ರ ಅನ್ನದೆ ಏನನ್ನೋಣ? 1990ರಲ್ಲಿ ನಿಷೇಧ ಹೋಯಿತು. ಈಗ ಅಲ್ಲಿ ನೂರಕ್ಕೂ ಹೆಚ್ಚು ಐಕನ್‌ಗಳಿವೆ. ಪೂಜೆಯ ಪಾತ್ರೆ ಪಗಡಗಳೂ ಇವೆ.

ಬೆರಾತ್‌ನ ಇನ್ನೊಂದು ಆಸ್ತಿ ಒಂದು ಪುಸ್ತಕ. ಆರನೇ ಶತಮಾನದ್ದು. ತೊಗಲಿನ ಹಾಳೆಗೆ ನೇರಳೆ ಬಣ್ಣ ಕೊಟ್ಟು, ಬೆಳ್ಳಿಯ ಶಾಯಿಯಲ್ಲಿ ಏಸುವಿನ ಕಥೆ ಬರೆದಿದ್ದಾರೆ. ಯುದ್ಧಕಾಲದಲ್ಲಿ ಅದನ್ನು ಬಚ್ಚಿಟ್ಟಿದ್ದರು. ಎಲ್ಲಿದೆ ಎಂಬುದೇ ತಿಳಿಯದೆ ಬಹಳ ವರ್ಷ ಕಳೆಯಿತು. ಮತ್ತೆ ಸಿಕ್ಕಿದ್ದು 1968ರಲ್ಲಿ. ಈಗ ರಾಜಧಾನಿ ತಿರಾನಾದ ಸರ್ಕಾರಿ ದಾಖಲೆಗಳ ಮನೆಯಲ್ಲಿ ಅದನ್ನು ಜೋಪಾನವಾಗಿ ಇಟ್ಟಿದ್ದಾರೆ.